ಹಿಂದಿನ ಬೆಂಚಿಗಾಗಿ ಹಾಡು ಕಟ್ಟುವುದು

ಕ್ರೈಸ್ತ ಸಭೆಗೆ ಹೊಸ ಹಾಡು ಬರೆಯಬೇಕೆಂಬ ಆಸೆ ಇರುವವರು ಪೆನ್ನು ಹಿಡಿಯುವ ಮೊದಲು ಒಂದು ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತು ಆರಾಧನೆ ಮುಗಿಸಿ ಬನ್ನಿ. ಮುಂದಿನ ಸಾಲಿನಲ್ಲಿ ಗಾಯನವೃಂದದವರು, ಸಭಾಪಾಲಕರಾದ ಅಯ್ಯನವರ ಮನೆಯವರು, ಪುಸ್ತಕ ತೆರೆಯದೆಯೇ ಹಾಡುವ ಹಿರಿಯರು ಇರುತ್ತಾರೆ. ಎಂಥ ಹಾಡು ಕೊಟ್ಟರೂ ಅವರು ಹೇಗೋ ದಡ ಮುಟ್ಟಿಸುತ್ತಾರೆ. ಹಿಂದೆ ಕೂರುವವರ ಲೋಕ ಬೇರೆ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದ ನರ್ಸ್, ನಿದ್ದೆಗೆ ಜಾರುತ್ತಿರುವ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿ, ಕನ್ನಡದ ಮನೆಗೆ ಸೊಸೆಯಾಗಿ ಬಂದು ಭಾಷೆಯನ್ನು ಇನ್ನೂ ಕಲಿಯುತ್ತಿರುವ ಮರಾಠಿ ಹುಡುಗಿ, ಅಪ್ಪನ ಬಲವಂತಕ್ಕೆ ಬಂದು ಮೊಬೈಲಿನಲ್ಲಿ ಕ್ರಿಕೆಟ್ ಸ್ಕೋರು ನೋಡುತ್ತಿರುವ ಹದಿನೇಳರ ಹುಡುಗ. ಇವರು ಬಾಯಿ ತೆರೆದರೆ ಮಾತ್ರ ನೀವು ಬರೆದದ್ದು ಸಭೆಯ ಹಾಡು. ತೆರೆಯದಿದ್ದರೆ ಅದು ಗಾಯನವೃಂದದ ಕಾರ್ಯಕ್ರಮ. ಅದೂ ಒಳ್ಳೆಯದೇ, ಆದರೆ ಅದರ ವಿದ್ಯೆ ಬೇರೆ. ಅದನ್ನು ಇಲ್ಲಿ ಹೇಳುತ್ತಿಲ್ಲ.

ನಾನು ಪುಣೆಯ ಖಡಕಿಯಲ್ಲಿ ಬೆಳೆದವನು. ಅಪ್ಪ ಗದಗ-ಬೆಟಗೇರಿಯಿಂದ ಬಂದು ಇಲ್ಲಿನ ಮದ್ದುಗುಂಡಿನ ಕಾರ್ಖಾನೆಗೆ ಸೇರಿದರು. ನನ್ನ ಹೊಟ್ಟೆಪಾಡು ಆರ್ಕೆಸ್ಟ್ರಾದ ಕೀಬೋರ್ಡ್: ಗಣೇಶೋತ್ಸವದ ಹತ್ತು ರಾತ್ರಿ, ನವರಾತ್ರಿಯ ಒಂಬತ್ತು ರಾತ್ರಿ, ತುಳಸಿ ವಿವಾಹ ಕಳೆದ ಮೇಲೆ ಬೇಸಿಗೆಯ ತನಕ ಮದುವೆಗಳು. ಭಾನುವಾರ ಬೆಳಿಗ್ಗೆ ಕನ್ನಡ ಸಭೆಯ ಹಾರ್ಮೋನಿಯಂ. ನಲವತ್ತು ವರ್ಷಕ್ಕೂ ಮೇಲಾಯಿತು. ಹಾಡು ಬರೆಯುವುದು ಹೇಗೆ ಎಂದು ಹುಡುಗರು ಕೇಳುತ್ತಲೇ ಇರುತ್ತಾರೆ. ಪ್ರತಿಯೊಬ್ಬರಿಗೂ ಬಾಯಿಮಾತಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಭಜನಾ ಮಂಡಳಿಯವರು ಓದಿದರೂ ನಷ್ಟವಿಲ್ಲ. ದೇವರ ಹೆಸರು ಬೇರೆ, ಮಾತ್ರೆಯ ಲೆಕ್ಕ ಒಂದೇ.

ಗತಿ ಮೊದಲು, ಮಾತು ಆಮೇಲೆ

ಹೆಚ್ಚಿನವರು ಒಂದು ಒಳ್ಳೆಯ ವಾಕ್ಯ ಹೊಳೆದ ಕೂಡಲೇ ಬರೆದುಕೊಂಡು, ಅದಕ್ಕೆ ರಾಗ ಹುಡುಕುತ್ತಾ ಕೂರುತ್ತಾರೆ. ಎರಡನೆಯ ಸಾಲು ಮೊದಲನೆಯದಕ್ಕಿಂತ ಉದ್ದವಾಗಿರುತ್ತದೆ, ಮೂರನೆಯದು ಇನ್ನೂ ಉದ್ದ. ಆಮೇಲೆ ಹಾಡುವವರು ಮಾತುಗಳನ್ನು ನುಂಗಿ ಹಾಡಬೇಕಾಗುತ್ತದೆ. ಮೊದಲು ತೊಡೆಯ ಮೇಲೆ ತಾಳ ಹಾಕಿ, ಯಾವ ಗತಿ ಬೇಕೆಂದು ತೀರ್ಮಾನಿಸಿ, ಆ ಗತಿಗೆ ಮಾತು ತುಂಬಿ.

ಕನ್ನಡದಲ್ಲಿ ಇದು ಸುಲಭ, ಏಕೆಂದರೆ ನಮ್ಮ ಛಂದಸ್ಸಿನ ಗಣಗಳೂ ತಬಲಾದ ಠೇಕಾಗಳೂ, ಅಂದರೆ ತಾಳದ ಮೂಲ ಬಡಿತಗಳೂ, ಒಂದರೊಳಗೊಂದು ಕೂರುತ್ತವೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ ಎರಡು. ಇಷ್ಟು ಗೊತ್ತಿದ್ದರೆ ಸಾಕು. ನಾಲ್ಕು ಮಾತ್ರೆಯ ಗಣಗಳು ಎಂಟು ಮಾತ್ರೆಯ ಭಜನಿ ಠೇಕಾಕ್ಕೆ ನೇರವಾಗಿ ಇಳಿಯುತ್ತವೆ: ‘ಬೆಳಗಿನ ಬೆಳಕೇ ಬಾ ನಮ್ಮೊಳಗೆ.’ ಕೊನೆಯಲ್ಲಿ ಒಂದು ಮಾತ್ರೆ ಕಡಿಮೆ ಬಿಟ್ಟಿದ್ದೇನೆ, ಉಸಿರಿಗೆ. ಮೂರು ಮಾತ್ರೆಯವು ಆರು ಮಾತ್ರೆಯ ದಾದ್ರಾಕ್ಕೆ: ‘ಕರೆದ ದನಿಯ ಕೇಳಿ ಬಂದೆ.’ ಐದರವು ಹತ್ತು ಮಾತ್ರೆಯ ಝಪ್‌ತಾಲಕ್ಕೆ: ‘ದಾರಿಯಲಿ ದಣಿದವಗೆ ನೆರಳಾದೆ ನೀ.’ ಮೂರು ಮತ್ತು ನಾಲ್ಕು ಸೇರಿದ ನಡೆ, ಅಂದರೆ ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆ, ಏಳು ಮಾತ್ರೆಯ ರೂಪಕಕ್ಕೆ: ‘ತಂದೆ ನಿನ್ನಯ ಕರುಣೆ ದೊಡ್ಡದು.’ ಸಾಲುಗಳು ನನ್ನವೇ, ಮಹಾಕಾವ್ಯವೇನೂ ಅಲ್ಲ. ಬೆರಳಿನಲ್ಲಿ ಎಣಿಸಿ ನೋಡಿ, ಲೆಕ್ಕ ತಪ್ಪುವುದಿಲ್ಲ.

ಹೊಸಬರು ಝಪ್‌ತಾಲವನ್ನು ಸದ್ಯಕ್ಕೆ ಬದಿಗಿಡಿ. ಗಾಯನವೃಂದಕ್ಕೆ ಅದು ಚೆಂದ, ಆದರೆ ಹಿಂದಿನ ಬೆಂಚು ಮೂರನೆಯ ಆವರ್ತಕ್ಕೆ ಚಪ್ಪಾಳೆ ತಪ್ಪುತ್ತದೆ. ದಾದ್ರಾ ಮತ್ತು ಭಜನಿ ಠೇಕಾ ಎರಡರಲ್ಲೇ ಒಂದು ಜನ್ಮಕ್ಕೆ ಸಾಕಾಗುವಷ್ಟು ಹಾಡು ಬರೆಯಬಹುದು.

ಛಂದಸ್ಸು ನಮಗೇಕೆ, ಅದು ಪಂಡಿತರ ವಿಷಯ ಎನ್ನುವವರಿಗೆ ಫರ್ಡಿನಾಂಡ್ ಕಿಟೆಲ್ ಅವರನ್ನು ನೆನಪಿಸುತ್ತೇನೆ. 1894ರ ಅವರ ನಿಘಂಟು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1862ರಲ್ಲಿ, ಅವರು ಯೇಸುವಿನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಜರ್ಮನಿಯಿಂದ ಬಂದವರು ಗಣ ಎಣಿಸುವುದನ್ನು ಕಲಿತರು. ಬೆಟಗೇರಿಯ ಮೊಮ್ಮಕ್ಕಳಿಗೆ ಏನು ಧಾಡಿ?

ನಾವಿರುವ ಊರಿನಿಂದಲೂ ಕಲಿಯುವುದಿದೆ. ಮರಾಠಿಯಲ್ಲಿ ರೆವರೆಂಡ್ ನಾರಾಯಣ ವಾಮನ ಟಿಳಕರು (1861–1919) ಕ್ರಿಸ್ತನ ಹಾಡುಗಳನ್ನು ವಿಠ್ಠಲ ಭಕ್ತರ ಅಭಂಗದ ಧಾಟಿಯಲ್ಲೇ ಬರೆದರು. ಅಭಂಗದಲ್ಲಿ ಮಾತ್ರೆಯಲ್ಲ, ಅಕ್ಷರ ಎಣಿಸುತ್ತಾರೆ: ಆರು, ಆರು, ಆರು, ನಾಲ್ಕು, ಎರಡನೆಯ ಮತ್ತು ಮೂರನೆಯ ತುಂಡಿನ ಕೊನೆಗೆ ಪ್ರಾಸ. ಕನ್ನಡದಲ್ಲಿ ಮಾಡಿ ನೋಡಿ: ‘ದಾರಿ ತಪ್ಪಿದಾಗ, ದೂರ ಹೋದರೇನು, ನನ್ನ ತಂದೆ ನೀನು, ಕಾಯುವಾತ.’ ಕೊನೆಯ ನಾಲ್ಕಕ್ಷರದ ಗಿಡ್ಡ ತುಂಡು ಇದೆಯಲ್ಲ, ಅಲ್ಲಿ ಇಡೀ ಸಭೆ ತಾನಾಗಿ ಸೇರಿಕೊಳ್ಳುತ್ತದೆ. ನಮ್ಮ ಸಭೆಯ ಮರಾಠಿ ಸೊಸೆಯಂದಿರು ಇಂಥ ಹಾಡನ್ನು ಗಂಡಂದಿರಿಗಿಂತ ಮೊದಲೇ ಕಲಿಯುತ್ತಾರೆ, ಏಕೆಂದರೆ ಆ ನಡೆ ಅವರ ಕಿವಿಯಲ್ಲಿ ಬಾಲ್ಯದಿಂದಲೂ ಇದೆ.

ಗತಿ ಸರಿಯಾಗಿದೆಯೇ ಎಂದು ತಿಳಿಯಲು ನನ್ನ ಹತ್ತಿರ ಒಂದು ಉಪಾಯವಿದೆ. ಆರ್ಕೆಸ್ಟ್ರಾದಲ್ಲಿ ನನ್ನೊಂದಿಗೆ ತಬಲಾ ನುಡಿಸುವ ಗೆಳೆಯ ವಾರಕರಿ ಮನೆತನದವನು, ಆಷಾಢದಲ್ಲಿ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆಯುವವನು. ಕನ್ನಡ ಒಂದಕ್ಷರ ಬಾರದು. ಹೊಸ ಹಾಡನ್ನು ರಾಗವಿಲ್ಲದೆ, ಬರೀ ಮಾತಿನಲ್ಲಿ ಅವನೆದುರು ಓದುತ್ತೇನೆ. ಅವನ ಬೆರಳು ಹೇಳದೆಯೇ ಠೇಕಾ ಹಿಡಿದರೆ ಸಾಲು ಪಾಸು. ಹುಬ್ಬು ಗಂಟಿಕ್ಕಿದ ಕಡೆ ಪೆನ್ಸಿಲ್ ಗುರುತು ಹಾಕಿ ಮನೆಗೆ ತರುತ್ತೇನೆ. ನಿಮಗೂ ಅಂಥವರೊಬ್ಬರನ್ನು ಹುಡುಕಿಕೊಳ್ಳಿ; ಅರ್ಥ ತಿಳಿಯದವರ ಕಿವಿಗೆ ಮುಲಾಜಿಲ್ಲ.

ಹ್ರಸ್ವ ದೀರ್ಘ

ಹಳೆಯ ಪುಸ್ತಕದಲ್ಲಿ ಪಾಶ್ಚಾತ್ಯ ರಾಗಕ್ಕೆ ಕೂರಿಸಿದ ಕನ್ನಡ ಹಾಡುಗಳು ಬೇಕಾದಷ್ಟಿವೆ. ಕೆಲವು ನೂರು ವರ್ಷ ಹಾಡಿಸಿಕೊಂಡು ನುಣುಪಾಗಿವೆ, ಅವುಗಳ ತಂಟೆಗೆ ನಾನು ಹೋಗುವುದಿಲ್ಲ. ಆದರೆ ಹೊಸದಾಗಿ ಬರೆಯುವವರು ಒಂದು ಮಾತನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಇಂಗ್ಲಿಷ್ ಮಾತನ್ನು ಎಳೆದು ಹಾಡಿದರೆ ಅರ್ಥ ಸಾಮಾನ್ಯವಾಗಿ ಉಳಿಯುತ್ತದೆ. ಕನ್ನಡದ ಹ್ರಸ್ವವನ್ನು ಎಳೆದರೆ ಬೇರೆ ಪದವೇ ಆಗುತ್ತದೆ. ‘ಕಡು ಪ್ರೀತಿ’ ಎಂದು ಬರೆದು ಮೊದಲಕ್ಷರಕ್ಕೆ ಉದ್ದನೆಯ ಸ್ವರ ಕೊಟ್ಟರೆ ದೇವರದು ‘ಕಾಡು ಪ್ರೀತಿ’ಯಾಗುತ್ತದೆ. ಆದ್ದರಿಂದ ರಾಗ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ದೀರ್ಘಾಕ್ಷರ ಇರಲಿ, ರಾಗ ಓಡುವ ಕಡೆ ಹ್ರಸ್ವಗಳು ಇರಲಿ. ಹಾಡು ಮುಗಿದ ಮೇಲೆ ಒಮ್ಮೆ ಈ ಒಂದೇ ವಿಷಯಕ್ಕಾಗಿ ಸಾಲು ಸಾಲಾಗಿ ನೋಡಿ.

ಪುಣೆ, ಮುಂಬಯಿಯವರಿಗೆ ಇದರ ಮೇಲೊಂದು ಕಷ್ಟವಿದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದುವುದಿಲ್ಲ. ಹಾಳೆಯಲ್ಲಿ ಎಡಗಡೆ ಕನ್ನಡ ಲಿಪಿ, ಬಲಗಡೆ ದೇವನಾಗರಿ ಅಚ್ಚು ಮಾಡಿಸುತ್ತೇವೆ. ಆದರೆ ಮರಾಠಿ ಓದುವವರಿಗೆ ಗೊತ್ತಿರುವುದು ಒಂದೇ ‘ಏ’, ಒಂದೇ ‘ಓ’, ಎರಡೂ ದೀರ್ಘ. ‘ಶಾಂತಿಯ ಕೊಡು’ ಎಂಬುದನ್ನು ಹುಡುಗರು ‘ಕೋಡು’ ಎಂದು ಹಾಡುತ್ತಾರೆ. ‘ಒಡೆಯಾ’ ಎಂದು ಕರೆಯಬೇಕಾದ ಕಡೆ ‘ಓಡೆಯಾ’ ಎಂದು ದೇವರಿಗೇ ಓಟ ಕಟ್ಟಿಸುತ್ತಾರೆ. ಹ್ರಸ್ವ ಬರುವ ಕಡೆ ದೇವನಾಗರಿ ಅಕ್ಷರದ ಮೇಲೆ ಚಿಕ್ಕ ಅರ್ಧಚಂದ್ರದ ಗುರುತು ಹಾಕಿ ನೋಡಿದೆವು. ಅವರು ಅದನ್ನು ಇಂಗ್ಲಿಷ್ ಪದದ ‘ಆ’ ಎಂದು ಓದಿದರು, ಏಕೆಂದರೆ ಮರಾಠಿಯಲ್ಲಿ ಆ ಗುರುತಿಗೆ ಆಗಲೇ ಕೆಲಸವಿದೆ. ಈಗ ಹ್ರಸ್ವದ ಕೆಳಗೆ ಒಂದು ಚುಕ್ಕಿ ಇಡುತ್ತೇವೆ. ಅದಕ್ಕಿಂತ ಗಟ್ಟಿಯಾದ ಪರಿಹಾರ ಹಾಡಿನೊಳಗೇ ಇದೆ: ‘ಕೊಡು’, ‘ಒಡೆಯ’, ‘ಎದೆ’, ‘ಹೊಸ’ ಇಂಥವನ್ನು ಎಳೆಯಲು ಜಾಗವೇ ಇಲ್ಲದ ಗಿಡ್ಡ ಸ್ವರದ ಮೇಲೆ ಕೂರಿಸಿಬಿಡಿ. ಯಾರು ಹೇಗೆ ಓದಿದರೂ ತಾಳ ಅವರನ್ನು ಮುಂದಕ್ಕೆ ತಳ್ಳುತ್ತದೆ.

ರೋಮನ್ ಅಕ್ಷರದಲ್ಲಿ ಬರೆದು ವಾಟ್ಸಾಪಿನಲ್ಲಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಲ, ಳ, ನ, ಣ, ತ, ಟ ಎಲ್ಲ ಒಂದೇ ಗುಡ್ಡೆಯಾಗುತ್ತವೆ.

ಪಲ್ಲವಿ, ಚರಣ, ಪ್ರಾಸ

ಪಲ್ಲವಿ ಒಂದೇ ಬಾರಿ ಕೇಳಿದರೆ ಬಾಯಿಗೆ ಬರಬೇಕು. ಚರಣ ಕೇಳದೆಯೂ ಅದಕ್ಕೆ ಅರ್ಥವಿರಬೇಕು. ಸತ್ಯವೇದದ, ಅಂದರೆ ಬೈಬಲಿನ, 136ನೆಯ ಕೀರ್ತನೆಯನ್ನು ನೋಡಿ: 26 ವಚನ, ಪ್ರತಿಯೊಂದರ ಕೊನೆಗೂ ಅದೇ ಮಾತು. ಮುಂದಾಳು ಕಥೆ ಹೇಳುತ್ತಾ ಹೋಗುತ್ತಾನೆ, ಜನ ಒಂದೇ ಸಾಲನ್ನು ಹಿಡಿದುಕೊಂಡು ಉತ್ತರ ಕೊಡುತ್ತಾರೆ. ಓದು ಬಾರದವರಿಗೂ ಪಾಲು ಸಿಗುವ ಏರ್ಪಾಡು ಅದು. ಚರಣ ಮೂರು ಸಾಕು. ಏಳು ಬರೆದರೆ ‘ಒಂದು, ಎರಡು ಮತ್ತು ಕೊನೆಯದನ್ನು ಹಾಡೋಣ’ ಎಂದು ಅಯ್ಯನವರು ಹೇಳುತ್ತಾರೆ, ನಿಮ್ಮ ಅತಿ ಒಳ್ಳೆಯ ನಾಲ್ಕನೆಯ ಚರಣ ಪುಸ್ತಕದಲ್ಲೇ ಮುದುಕಾಗುತ್ತದೆ.

ಅಂತ್ಯಪ್ರಾಸಕ್ಕೆ ಮರುಳಾಗಬೇಡಿ. ಬಂದೆನು, ನಿಂದೆನು, ತಂದೆನು ಎಂದು ಕ್ರಿಯಾಪದಗಳು ತಾವಾಗಿಯೇ ಸಾಲುಗಟ್ಟುವ ಭಾಷೆ ನಮ್ಮದು. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಸಾಲಿನ ಎರಡನೆಯ ಅಕ್ಷರ ಹೊಂದುವ ಆದಿಪ್ರಾಸದ ಬಲ ಬೇರೆ. ನನ್ನ ಅವ್ವನಿಗೆ ಓದು ಬರುತ್ತಿರಲಿಲ್ಲ, ಆದರೆ ಪುಸ್ತಕದ ಅರ್ಧ ಭಾಗ ಬಾಯಿಪಾಠವಿತ್ತು. ಹಾಡುತ್ತಾ ಒಂದು ಸಾಲು ಮರೆತರೆ ಹಿಂದಿನ ಸಾಲಿನ ಮೊದಲ ಪದವನ್ನು ಎರಡು ಬಾರಿ ಗುನುಗುತ್ತಿದ್ದಳು, ಮುಂದಿನದು ನೆನಪಾಗುತ್ತಿತ್ತು. ಅಂತ್ಯಪ್ರಾಸ ಸಾಲು ಮುಗಿದ ಮೇಲೆ ಬರುತ್ತದೆ. ಮರೆತವರಿಗೆ ಸಹಾಯ ಬೇಕಾಗಿರುವುದು ಸಾಲು ಶುರುವಾಗುವಾಗ.

ಉಸಿರಿನ ವಿಷಯ. ಸಭೆಯ ಹಾಡಿಗೆ ನಿಮಿಷಕ್ಕೆ 70ರಿಂದ 80 ಬೀಟ್ ನನ್ನ ಅಳತೆ. ಅಷ್ಟರಲ್ಲಿ ಎಂಟು ಬೀಟಿನ ಒಂದು ತುಂಡು ಆರೇಳು ಸೆಕೆಂಡು ಹಿಡಿಯುತ್ತದೆ, ಅರವತ್ತು ದಾಟಿದವರ ಎದೆಗೆ ಅಷ್ಟೇ ಆಗುವುದು. ಪ್ರತಿ ಎಂಟಕ್ಕೆ ಒಮ್ಮೆ ಮಾತು ನಿಲ್ಲಲಿ. ಒಂದು ಪದವನ್ನು ಆ ಗೆರೆಯ ಮೇಲೆ ಸೀಳಿ ಇಡಬೇಡಿ.

ಶ್ರುತಿ

ಆರ್ಕೆಸ್ಟ್ರಾದವರಿಗೆ ಇದನ್ನು ಹೇಳಬೇಕಾಗಿಲ್ಲ, ಸಭೆಯಲ್ಲಿ ಮಾತ್ರ ಪ್ರತಿ ವಾರ ಹೇಳಬೇಕು. ಹಾಡು ಬರೆದವರು ತಮ್ಮ ಗಂಟಲಿಗೆ ಶ್ರುತಿ ಇಟ್ಟುಕೊಳ್ಳುತ್ತಾರೆ. ಗಂಟಲು ಚೆನ್ನಾಗಿರುವುದರಿಂದಲೇ ಅವರು ಹಾಡು ಬರೆಯಲು ಹೊರಟಿರುತ್ತಾರೆ. ಆದ್ದರಿಂದ ಅದು ಯಾವಾಗಲೂ ಜನರಿಗೆ ಎತ್ತರ. ನನ್ನ ಗೆರೆ ಹೀಗಿದೆ: ಹೆಂಗಸರ ದನಿಯಲ್ಲಿ ಕೆಳಗಿನ ತುದಿ ಕೀಬೋರ್ಡಿನ ನಡುವಿನ ಸಿ, ಮೇಲಿನ ತುದಿ ಅದರ ಮುಂದಿನ ಸಪ್ತಕದ ಡಿ. ಗಂಡಸರು ಅದನ್ನೇ ಒಂದು ಸಪ್ತಕ ಕೆಳಗೆ ಹಾಡುತ್ತಾರೆ. ಇಡೀ ಹಾಡು ಈ ಒಂಬತ್ತು ಸ್ವರಗಳ ಒಳಗಿರಲಿ; ಕೆಳಗೆ ಒಂದು ಮೆಟ್ಟಿಲು ಇಳಿದರೆ ಅಡ್ಡಿಯಿಲ್ಲ, ಮೇಲೆ ಹತ್ತಬೇಡಿ. ಬೆಳಗಿನ ಆರಾಧನೆಯಾದರೆ ಇನ್ನೂ ಅರ್ಧ ಸ್ವರ ಇಳಿಸಿ, ಜನ ಇನ್ನೂ ಚಹಾ ಕುಡಿದಿರುವುದಿಲ್ಲ. ಶವಸಂಸ್ಕಾರಕ್ಕೆ ಒಂದು ಪೂರ್ತಿ ಸ್ವರ ಇಳಿಸಿ. ಅಳು ಬಂದ ಗಂಟಲಿನಿಂದ ಮೇಲಿನ ಸ್ವರ ಹೊರಡುವುದಿಲ್ಲ.

ರಾಗದಲ್ಲಿ ಭೂಪ್, ಅಂದರೆ ನಮ್ಮ ಮೋಹನ, ಹೊಸಬರಿಗೆ ಹೇಳಿ ಮಾಡಿಸಿದ್ದು. ಐದೇ ಸ್ವರ, ಜಾರಿ ಬೀಳುವ ಕಡೆ ಕಡಿಮೆ. ಯಮನ್ ಚೆಂದ, ಆದರೆ ಗಿಟಾರ್ ಹಿಡಿದ ಹುಡುಗರಿಗೆ ಮೊದಲೇ ತಿಳಿಸಿ. ಷಡ್ಜ ಸಿ ಇದ್ದಾಗ ಅವರು ಅಭ್ಯಾಸಬಲದಿಂದ ಎಫ್ ಮೇಜರ್ ಒತ್ತುತ್ತಾರೆ. ಹಾಡುವವರದು ತೀವ್ರ ಮಧ್ಯಮ, ಗಿಟಾರಿನದು ಶುದ್ಧ ಮಧ್ಯಮ, ಸಭೆಯ ನಡುವೆ ಅಪಘಾತ. ಹುಡುಗರು ಒಪ್ಪದಿದ್ದರೆ ಗಿಟಾರ್ ಬಿಡಿ, ರಾಗ ಬಿಡಬೇಡಿ.

ಮನೆಯವರ ಮುಂದೆ

ಹೊಸ ಹಾಡನ್ನು ಗೆಳೆಯರಿಗೆ ಕೇಳಿಸಿದರೆ ಹೊಗಳುತ್ತಾರೆ. ಮನೆಯವರಿಗೆ ಕೇಳಿಸಿ. ಅದೂ ಕೂರಿಸಿಕೊಂಡು ಅಲ್ಲ. ಅವರು ಏನೋ ಕೆಲಸದಲ್ಲಿರುವಾಗ ಪಕ್ಕದ ಕೋಣೆಯಲ್ಲಿ ಹಾಡಿಕೊಳ್ಳಿ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು, ಮೊದಲು ಹೇಳಿದ ಹಿಂದಿನ ಬೆಂಚು ಅವಳದೇ. ಸಂಜೆ ನಾನು ಹಾಡುತ್ತಿದ್ದರೆ ಅಡುಗೆಮನೆಯಿಂದ ಏನೂ ಹೇಳುವುದಿಲ್ಲ. ಮರುದಿನ ರೊಟ್ಟಿ ಬಡಿಯುವಾಗ ತಾನಾಗಿ ಪಲ್ಲವಿ ಗುನುಗಿದರೆ ಹಾಡು ನಿಂತಿತು ಎಂದು ತಿಳಿಯುತ್ತೇನೆ. ಅವಳು ಗುನುಗುವಾಗ ಒಂದು ಪದ ಬದಲಾಗಿದ್ದರೆ ನಾನು ತಿದ್ದುವುದಿಲ್ಲ, ಹಾಳೆಯಲ್ಲಿ ನನ್ನ ಪದವನ್ನು ಹೊಡೆದು ಅವಳದನ್ನು ಬರೆಯುತ್ತೇನೆ. ನಾಲಿಗೆ ಆರಿಸಿಕೊಂಡದ್ದು ಸಾಮಾನ್ಯವಾಗಿ ಸರಿಯಾಗಿರುತ್ತದೆ.

ಮಗಳು ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ, ಧ್ವನಿಮುದ್ರಣ ಅವಳ ಪಾಲು. ಮೊಬೈಲೇ ಸಾಕು. ಮಲಗುವ ಕೋಣೆಯಲ್ಲಿ ಬೀರುವಿನ ಬಾಗಿಲು ತೆರೆದಿಟ್ಟು ಬಟ್ಟೆಗಳ ಕಡೆ ಮುಖ ಮಾಡಿ ಹಾಡಿ, ಗೋಡೆಯ ಮಾರ್ದನಿ ತಗ್ಗುತ್ತದೆ. ಫ್ಯಾನ್ ಆರಿಸಿ. ಹಾಡು ಕಲಿಸಲು ಕಳಿಸುವ ಮುದ್ರಣದಲ್ಲಿ ಒಂದು ದನಿ, ಒಂದು ಹಾರ್ಮೋನಿಯಂ ಬಿಟ್ಟು ಮತ್ತೇನೂ ಬೇಡ. ಅಲಂಕಾರ ಸೇರಿಸಿದರೆ ಜನ ಅಲಂಕಾರವನ್ನೇ ಕಲಿಯುತ್ತಾರೆ.

ಮಗ ಸಭೆಗೆ ಬರುವುದಿಲ್ಲ. ಹದಿನೈದು ವರ್ಷವಾಗಿರಬೇಕು. ಆದರೂ ಹೊಸ ಹಾಡನ್ನು ಅವನಿಗೂ ಕೇಳಿಸುತ್ತೇನೆ, ಏಕೆಂದರೆ ನಂಬಿಕೆಯ ಮಾತಿನಲ್ಲಿ ಎಲ್ಲಿ ಸವಕಲು ಇದೆ ಎಂದು ಅವನಷ್ಟು ಚುರುಕಾಗಿ ಹೇಳುವವರಿಲ್ಲ. ‘ಅಪ್ಪಾ, ಈ ಸಾಲನ್ನು ನೀವು ಯೋಚಿಸಿ ಬರೆದಿಲ್ಲ, ಪುಸ್ತಕದಿಂದ ಬಂದಿದೆ’ ಎನ್ನುತ್ತಾನೆ. ಹೌದೆನಿಸಿದರೆ ತೆಗೆಯುತ್ತೇನೆ. ಅವನು ಹೇಳಿದ್ದನ್ನೆಲ್ಲ ತೆಗೆದರೆ ಹಾಡೇ ಉಳಿಯುವುದಿಲ್ಲ, ಅದೂ ನಿಜ.

ಮೇಲೆ ಹೇಳಿದ ಟಿಳಕರ ಮನೆಯ ಕಥೆ ಗೊತ್ತಿರಲಿ. ಅವರು ಬರೆಯಲಾರಂಭಿಸಿದ ‘ಕ್ರಿಸ್ತಾಯನ’ ಎಂಬ ಕಾವ್ಯ ಅರ್ಧದಲ್ಲೇ ನಿಂತಾಗ ಅದನ್ನು ಪೂರ್ತಿ ಮಾಡಿದ್ದು ಹೆಂಡತಿ ಲಕ್ಷ್ಮೀಬಾಯಿ. ಮನೆಯಲ್ಲಿ ಬರೆಯಬಲ್ಲವರು ನೀವೊಬ್ಬರೇ ಎಂದುಕೊಂಡಿದ್ದರೆ ಒಮ್ಮೆ ಕೇಳಿ ನೋಡಿ.

ನಂಬಿಕೆ ಇಲ್ಲದ ದಿನ

ಇದನ್ನು ಹುಡುಗರು ಎಲ್ಲರೆದುರು ಕೇಳುವುದಿಲ್ಲ, ಆರಾಧನೆ ಮುಗಿದು ವೈರು ಸುತ್ತುವಾಗ ಮೆಲ್ಲಗೆ ಕೇಳುತ್ತಾರೆ. ಮನಸ್ಸಿನಲ್ಲಿ ಸಂಶಯ ಇರುವಾಗ ಸ್ತೋತ್ರ ಬರೆಯಬಹುದೇ?

ಸ್ತೋತ್ರ ಬೇಡ, ಇರುವುದನ್ನು ಬರೆಯಿರಿ. 150 ಕೀರ್ತನೆಗಳಲ್ಲಿ ದೂರು, ಗೋಳು, ಜಗಳ ಎಷ್ಟಿವೆ ಎಂದು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಓದಿ ನೋಡಿ. ಹೆಚ್ಚಿನ ಗೋಳಿನ ಕೀರ್ತನೆಗಳು ಕೊನೆಯಲ್ಲಿ ಸ್ತೋತ್ರಕ್ಕೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ. ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಪುಸ್ತಕದಲ್ಲಿ ಇಟ್ಟವರು ಮರೆತು ಇಟ್ಟಿರಲಾರರು.

ನನ್ನ ತಮ್ಮ ರೈಲಿಗೆ ಸಿಕ್ಕು ತೀರಿಕೊಂಡ ವರ್ಷ ನಾನು ಭಾನುವಾರ ತಪ್ಪದೆ ಹಾರ್ಮೋನಿಯಂ ನುಡಿಸಿದೆ, ಹಾಡಲಿಲ್ಲ. ಅವನ ವರ್ಷಾಂತದ ಪ್ರಾರ್ಥನೆಗೆ ಒಂದು ಹಾಡು ಬರೆದೆ, ದಾದ್ರಾದಲ್ಲಿ, ಭೈರವಿ. ಮೂರು ಚರಣವೂ ಪ್ರಶ್ನೆಗಳೇ. ಕೊನೆಗೆ ಪುನರುತ್ಥಾನದ ಒಂದು ಚರಣ ಸೇರಿಸಿ ಎಂದು ಅಯ್ಯನವರು ಪ್ರೀತಿಯಿಂದಲೇ ಹೇಳಿದರು. ನನ್ನಿಂದ ಆಗಲಿಲ್ಲ. ಹೆಂಡತಿ ಹೇಳಿದಳು, ‘ಅಯ್ಯನವರೇ, ಪುನರುತ್ಥಾನವನ್ನು ನೀವು ಪ್ರಸಂಗದಲ್ಲಿ ಹೇಳಿರಿ. ಇವರು ಪ್ರಶ್ನೆ ಕೇಳಲಿ.’ ಹಾಗೆಯೇ ಆಯಿತು. ಈಗ ಸಾವಾದ ಮನೆಗಳಲ್ಲಿ ಆ ಹಾಡನ್ನು ಕೇಳಿ ಹಾಡಿಸುತ್ತಾರೆ. ನಿಮಗೂ ಅಂಥ ಹಾಡು ಬಂದರೆ ಸಮಾಧಾನದ ಚರಣವನ್ನು ಬಲವಂತವಾಗಿ ಅಂಟಿಸಬೇಡಿ. ಪಲ್ಲವಿಯಲ್ಲಿ ದೇವರನ್ನು ಕರೆದಿದ್ದರೆ ಅಷ್ಟು ಸಾಕು. ಕರೆಯುವವನು ಪೂರ್ತಿ ಬಿಟ್ಟುಹೋದವನಲ್ಲ.

ಪರದೇಶದಲ್ಲಿ ದೇವರ ಹಾಡನ್ನು ಹಾಡುವುದು ಹೇಗೆ ಎಂದು 137ನೆಯ ಕೀರ್ತನೆಯಲ್ಲಿ ಸೆರೆಯಾಳುಗಳು ಕೇಳುತ್ತಾರೆ. ಊರು ಬಿಟ್ಟ ಕನ್ನಡಿಗರ ಮೇಲೆ ಬರೆಯುವವರಿಗೆ ಅದು ಬಹಳ ಇಷ್ಟ. ನನಗೆ ಸ್ವಲ್ಪ ಅತಿಯೆನಿಸುತ್ತದೆ. ನಮ್ಮನ್ನು ಯಾರೂ ಸೆರೆ ಹಿಡಿದು ಪುಣೆಗೆ ತಂದಿಲ್ಲ, ಸಂಬಳಕ್ಕೆ ಬಂದೆವು. ಮುಳಾ ನದಿಯ ದಡದಲ್ಲಿ ಕುಳಿತು ಅಳುವ ಹಾಡನ್ನು ದಯವಿಟ್ಟು ಮತ್ತೊಂದು ಬರೆಯಬೇಡಿ.

ದುಡಿಮೆ ಮತ್ತು ಹಕ್ಕು

ಸಭೆಯ ಹಾಡಿನಿಂದ ಅನ್ನ ಹುಟ್ಟುವುದಿಲ್ಲ. ಅದಕ್ಕೆ ಬೇರೆ ದುಡಿಮೆ ಇರಬೇಕು, ಮತ್ತು ಯಾವುದನ್ನು ನುಡಿಸುತ್ತೀರಿ, ಯಾವುದನ್ನು ಬಿಡುತ್ತೀರಿ ಎಂದು ಮನೆಯಲ್ಲೂ ಸಭೆಯಲ್ಲೂ ಮೊದಲೇ ಹೇಳಿಬಿಡಬೇಕು. ನನ್ನದು ಹೀಗೆ: ಭಾನುವಾರ ಬೆಳಿಗ್ಗೆ ಮತ್ತು ಶುಭ ಶುಕ್ರವಾರ ಸುಪಾರಿ, ಅಂದರೆ ಕಾರ್ಯಕ್ರಮದ ಮುಂಗಡ, ಹಿಡಿಯುವುದಿಲ್ಲ, ಉಳಿದಂತೆ ಕರೆದ ಕಡೆ ಹೋಗುತ್ತೇನೆ. ಗಣಪತಿ ಮಂಟಪದಲ್ಲಿ ಆರತಿ ಹಾಡಿದರೆ ಅದಕ್ಕೂ ಮನಸ್ಸಿಟ್ಟು ನುಡಿಸುತ್ತೇನೆ. ಕೂಲಿ ತೆಗೆದುಕೊಂಡು ಬೇಕಾಬಿಟ್ಟಿ ನುಡಿಸುವುದನ್ನು ಯಾವ ದೇವರೂ ಮೆಚ್ಚಲಾರ. ಒಮ್ಮೆ ಹಿರಿಯರೊಬ್ಬರು ಸಮಿತಿಯಲ್ಲಿ ಇದನ್ನು ಎತ್ತಿದ್ದರು, ಇಂಥವನು ಆರಾಧನೆಗೆ ನುಡಿಸಬಹುದೇ ಎಂದು. ನಾನು ಉತ್ತರ ಹುಡುಕುತ್ತಿದ್ದೆ. ಹೆಂಡತಿ ಎದ್ದು, ‘ಅಣ್ಣನವರೇ, ವಾರವೆಲ್ಲ ಗುಂಡು ತಯಾರಿಸಿ ಬಂದವರು ಕರ್ತನ ಭೋಜನಕ್ಕೆ ಕೂರಬಹುದಾದರೆ ಇವರು ಹಾರ್ಮೋನಿಯಂಗೆ ಕೂರಬಹುದಲ್ಲವೇ?’ ಎಂದಳು. ಅರ್ಧ ಸಭೆ ಕಾರ್ಖಾನೆಯದು. ಮತ್ತೆ ಆ ಮಾತು ಬರಲಿಲ್ಲ.

ಬರೆದ ಹಾಡಿನ ಕೆಳಗೆ ಹೆಸರು, ತಾರೀಖು ಹಾಕಿ. ಹಾಡಿನ ಒಳಗೆ ಬೇಡ. ದಾಸರು ಅಂಕಿತದಲ್ಲಿ ದೇವರ ಹೆಸರಿಟ್ಟರು, ತುಕಾರಾಮರು ತಮ್ಮದೇ ಹೆಸರಿಟ್ಟರು, ಇಬ್ಬರಿಗೂ ಒಪ್ಪಿತು. ಸಭೆಯ ಹಾಡಿನಲ್ಲಿ ಜನ ನಿಮ್ಮ ಹೆಸರನ್ನು ಬಾಯಿತುಂಬ ಹಾಡುವುದು ಸರಿಯಲ್ಲ. ಕ್ಯಾಸೆಟ್ ಕಾಲದಲ್ಲಿ ಒಂದು ಕಂಪನಿ ನನ್ನ ಹಾಡುಗಳನ್ನು ಒಂದೇ ಗಂಟು ಹಣ ಕೊಟ್ಟು ತೆಗೆದುಕೊಂಡು, ಹೊದಿಕೆಯಲ್ಲಿ ‘ಸಾಂಪ್ರದಾಯಿಕ’ ಎಂದು ಅಚ್ಚು ಹಾಕಿತು. ಆಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ, ಸಂಪ್ರದಾಯವಾಗುವ ವಯಸ್ಸಲ್ಲ.

ಕಾನೂನು ಈಗ ಬರೆಯುವವರ ಕಡೆ ಹೆಚ್ಚು ವಾಲಿದೆ. ಕೃತಿಸ್ವಾಮ್ಯ ಹಾಡು ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. 2012ರ ತಿದ್ದುಪಡಿಯ ನಂತರ ಹಾಡನ್ನು ಧ್ವನಿಮುದ್ರಣಕ್ಕೆ ಕೊಟ್ಟರೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬರೆದುಕೊಡಲಾಗುವುದಿಲ್ಲ. ವಾರಸುದಾರರಿಗೆ ಅಥವಾ ಹಕ್ಕು ಸಂಗ್ರಹಿಸುವ ಸೊಸೈಟಿಗೆ ಮಾತ್ರ ಕೊಡಬಹುದು. ಅಂಥ ಸೊಸೈಟಿ ಮುಂಬಯಿಯಲ್ಲಿದೆ, 1969ರಲ್ಲಿ ಆರಂಭವಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. ಸಾಹಿತ್ಯ ಬರೆದವರೂ ರಾಗ ಹಾಕಿದವರೂ ಸದಸ್ಯರಾಗಬಹುದು. ಆರಾಧನೆಯಲ್ಲಿ, ಮದುವೆಯಲ್ಲಿ ನಿಮ್ಮ ಹಾಡನ್ನು ಹಾಡಿದರೆ ಹಣ ಕೇಳುವಂತಿಲ್ಲ, ನಿಜವಾದ ಧಾರ್ಮಿಕ ಸಮಾರಂಭಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ. ಕೇಳಲೂಬಾರದು. ಇಬ್ಬರು ಸೇರಿ ಹಾಡು ಮಾಡಿದ್ದರೆ ಯಾರದು ಮಾತು, ಯಾರದು ರಾಗ ಎಂದು ಅಂದೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅಣ್ಣ ತಮ್ಮಂದಿರಾದರಂತೂ ತಪ್ಪದೆ ಹಾಕಿ.

ಸಭೆಗೆ ತರುವುದು

ಹಬ್ಬದ ದಿನ ಹೊಸ ಹಾಡು ಬೇಡ. ಕ್ರಿಸ್ಮಸ್ಸಿಗೆ, ಈಸ್ಟರಿಗೆ ಜನ ಹಳೆಯದನ್ನು ಹಾಡಲು ಬಂದಿರುತ್ತಾರೆ. ಜೂನ್ ಜುಲೈಯ ಮಳೆಯ ಭಾನುವಾರಗಳು ಒಳ್ಳೆಯವು. ಬಂದವರು ಕಡಿಮೆ, ಅವಸರವೂ ಕಡಿಮೆ. ತಬಲಾದ ಚರ್ಮ ತೇವಕ್ಕೆ ಸಡಿಲಾಗಿ ಶ್ರುತಿ ಇಳಿದಿರುತ್ತದೆ, ಅರ್ಧ ಗಂಟೆ ಮೊದಲು ಹೋಗಿ ಸರಿಮಾಡಿಕೊಳ್ಳಿ. ಆರಾಧನೆಗೆ ಮುಂಚೆ ಪಲ್ಲವಿಯನ್ನಷ್ಟೇ ಕಲಿಸಿ. ಚರಣಗಳನ್ನು ಮೊದಲ ವಾರ ಒಬ್ಬರೇ ಹಾಡಲಿ, ಜನ ಪಲ್ಲವಿಗೆ ಸೇರಲಿ. ಮೂರು ವಾರ ಬಿಡದೆ ಹಾಡಿಸಿ, ನಾಲ್ಕನೆಯ ವಾರ ಬೇಕೆಂದೇ ಬಿಟ್ಟುಬಿಡಿ. ಅಂದು ಬಾಗಿಲ ಬಳಿ ಯಾರಾದರೂ ‘ಆ ಹಾಡು ಇವತ್ತು ಯಾಕಿಲ್ಲ?’ ಎಂದು ಕೇಳಿದರೆ ಪುಸ್ತಕಕ್ಕೆ ಸೇರಿಸಿ. ಕೇಳದಿದ್ದರೆ ಫೈಲಿಗೆ ಹಾಕಿ, ಅದರ ರಾಗ ಮುಂದೆ ಬೇರೆ ಮಾತಿಗೆ ಉಪಯೋಗವಾಗಬಹುದು. ಮನೆಯವರು ಕೇಳಿದರೆ ಲೆಕ್ಕಕ್ಕಿಲ್ಲ.